ಜೀನ್ ಎಕ್ಸ್‌ಪ್ರೆಶನ್‌ಗೆ ‘ಉತಾರ’ ಅನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು. ನಾನು ಬಾಗಲಕೋಟೆಯ ನವನಗರದವಳು. ಎಚ್‌ಐವಿ ಇರುವವರ ಜೊತೆ ಆಪ್ತಸಮಾಲೋಚಕಿಯಾಗಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಈಗ ಅವರಿಗಾಗಿ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ವೈರಸ್ ಜೀವಕೋಶದ ಒಳಗೆ ಹೋಗಿ ಏನು ಮಾಡುತ್ತದೆ, ಗುಳಿಗೆಯನ್ನು ದಿನಾ ಯಾಕೆ ನುಂಗಬೇಕು ಅನ್ನೋದು ಅದರ ವಿಷಯ.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ‘ವೈರಾಣುವಿನ ಪ್ರತಿಕರಣದಿಂದ ಸೋಂಕಿತ ಪ್ರತಿರಕ್ಷಣಾ ಕೋಶಗಳ ವಂಶವಾಹಿ ಅಭಿವ್ಯಕ್ತಿಯಲ್ಲಿ ವ್ಯತ್ಯಯ ಉಂಟಾಗುತ್ತದೆ.’ ನಿಘಂಟು ನೋಡಿದರೆ ತಪ್ಪೇನೂ ಇಲ್ಲ. ಬಹಳ ವರ್ಷದಿಂದ ಗುಳಿಗೆ ತಗೊಳ್ಳುತ್ತಿರುವ ಒಬ್ಬ ಹೆಣ್ಣುಮಗಳಿಗೆ ಇದನ್ನು ಓದಿ ಹೇಳಿದೆ. ಆಕೆ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. ‘ವಂಶ ಅಂದ್ರಲ್ರೀ ಅಕ್ಕಾರ. ಹಂಗಾದ್ರ ನನ್ನ ಮಗಳಿಗೆ, ಆಕಿ ಮಕ್ಕಳಿಗೆ ಎಲ್ಲಾರಿಗೂ ಬರ್ತೈತೇನ್ರಿ ಇದು?’ ಅಂದಳು. ಮಗಳ ಟೆಸ್ಟ್ ನೆಗೆಟಿವ್ ಬಂದು ಎಷ್ಟೋ ವರ್ಷವಾಗಿದೆ. ಆದರೂ ಒಂದೇ ಒಂದು ಪದ ಆಕೆಯ ಜೀವ ಹಿಂಡಿಬಿಟ್ಟಿತು.

ಎಚ್‌ಐವಿ ಹೋಗಿ ಕೂರುವುದು ಮುಖ್ಯವಾಗಿ ಸಿಡಿ4 ಟಿ ಕೋಶ ಅನ್ನುವ ಬಿಳಿ ರಕ್ತಕಣದ ಡಿಎನ್‌ಎಯಲ್ಲಿ. ಬಣ್ಣ, ಎತ್ತರ ಬಂದ ಹಾಗೆ ಅದು ಪೀಳಿಗೆಯಿಂದ ಪೀಳಿಗೆಗೆ ಇಳಿದು ಬರುವುದಿಲ್ಲ. ತಾಯಿಯಿಂದ ಮಗುವಿಗೆ ಬಸಿರಿನಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ದಾಟಬಹುದು ನಿಜ. ಅದು ಅಂಟು, ವಂಶವಲ್ಲ. ಗುಳಿಗೆ ಸರಿಯಾಗಿ ತಗೊಂಡರೆ ಆ ಅಂಟನ್ನೂ ಬಹುಮಟ್ಟಿಗೆ ತಡೆಯಬಹುದು. ಹಾಗಾಗಿ ಈ ಪುಸ್ತಿಕೆಯಲ್ಲಿ ‘ವಂಶವಾಹಿ’ ಬೇಡ ಅಂತ ತೀರ್ಮಾನಿಸಿದ್ದೇನೆ. ಸುಮ್ನೆ ಜೀನ್ ಅಂತಲೇ ಬರೆಯುತ್ತೇನೆ. ನಮ್ಮ ಕಡೆ ‘ಜೀನ’ ಅಂದರೆ ಜಿಪುಣ. ಆದರೆ ವಾಕ್ಯದೊಳಗೆ ಬಂದಾಗ ಯಾರಿಗೂ ಗೊಂದಲವಾಗಲಿಲ್ಲ.

ಉಳಿದದ್ದು ‘ಅಭಿವ್ಯಕ್ತಿ’, ಅಂದರೆ ಇಂಗ್ಲಿಷಿನ ಎಕ್ಸ್‌ಪ್ರೆಶನ್. ಇದು ಕವಿಗೆ ಸರಿ, ಭಾಷಣಕ್ಕೆ ಸರಿ. ಜೀನ್ ಯಾವ ಭಾವನೆಯನ್ನೂ ಹೊರಹಾಕುವುದಿಲ್ಲ. ಹಾಗಾದರೆ ಅದು ಮಾಡುವುದೇನು? ಇದನ್ನು ಯೋಚಿಸುವಾಗ ನನಗೆ ನೆನಪಾದದ್ದು ನಮ್ಮೂರ ತಲಾಠಿ, ಅಂದರೆ ಊರಿನ ಜಮೀನಿನ ಲೆಕ್ಕ ಬರೆಯುವವರು.

ಕಂಪ್ಯೂಟರ್ ಬರುವ ಮೊದಲು ಅಪ್ಪನ ಜೊತೆ ಹೊಲದ ಉತಾರ, ಅಂದರೆ ಜಮೀನು ದಾಖಲೆಯ ಪುಸ್ತಕದಿಂದ ತೆಗೆದು ಬರೆದ ನಕಲು, ತರಲು ಹೋಗುತ್ತಿದ್ದೆ. ತಲಾಠಿ ಕೆಂಪು ಬಟ್ಟೆಯ ಗಂಟು ಬಿಚ್ಚಿ ದಪ್ಪ ಪುಸ್ತಕ ತೆಗೆಯುತ್ತಿದ್ದರು. ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿ, ನಮ್ಮ ಸರ್ವೆ ನಂಬರಿನ ಪುಟವನ್ನಷ್ಟೇ ನೋಡಿ ಬರೆದು, ಸಿಕ್ಕಾ ಒತ್ತಿ ಕೊಡುತ್ತಿದ್ದರು. ಪುಸ್ತಕ ಮಾತ್ರ ಆ ಕೋಣೆ ಬಿಟ್ಟು ಹೊರಗೆ ಹೋಗುವ ಹಾಗಿರಲಿಲ್ಲ. ಸೊಸಾಯಿಟಿ, ಬ್ಯಾಂಕು, ಕೋರ್ಟು ಎಲ್ಲ ಕಡೆ ಕೆಲಸ ಮಾಡುತ್ತಿದ್ದದ್ದು ಉತಾರ.

ಜೀವಕೋಶದಲ್ಲೂ ಹೀಗೇ ಅಲ್ವಾ? ಡಿಎನ್‌ಎ ಪುಸ್ತಕ ನ್ಯೂಕ್ಲಿಯಸ್ ಬಿಟ್ಟು ಬರುವುದಿಲ್ಲ. ಬೇಕಾದ ಜೀನ್‌ನ ಆರ್‌ಎನ್‌ಎ ಉತಾರ ಹೊರಗೆ ಬರುತ್ತದೆ. ಅದನ್ನು ನೋಡಿ ಪ್ರೋಟೀನ್ ತಯಾರಾಗುತ್ತದೆ. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್ ಸುಮಾರು 20,000 ಇವೆ. ಯಾವುದರ ಉತಾರ ಎಷ್ಟು ಹೊರಡುತ್ತದೆ ಅನ್ನೋದೇ ಜೀನ್‌ನ ಚಟುವಟಿಕೆ. ಪ್ರಯೋಗಾಲಯದಲ್ಲಿ ಜಾಸ್ತಿ ಅಳೆಯುವುದೂ ಇದನ್ನೇ. ‘ಆನ್, ಆಫ್’ ಅಂದರೆ ಸಾಲದು. ಉತಾರ ಏರುತ್ತದೆ, ಇಳಿಯುತ್ತದೆ.

ಈಗ ಎಚ್‌ಐವಿ ಕಥೆ ಸಲೀಸಾಗಿ ಹೇಳಬಹುದು. ಈ ವೈರಸ್‌ಗಿರುವುದು ಬರೀ 9 ಜೀನ್. ಅದು ಬರುವುದೇ ಆರ್‌ಎನ್‌ಎ ರೂಪದಲ್ಲಿ, ಅಂದರೆ ಮೂಲ ಪುಟವೇ ಇಲ್ಲದ ಖೊಟ್ಟಿ ಉತಾರ. ಒಳಗೆ ಬಂದು ಆ ಉತಾರದಿಂದ ಮೂಲ ಪುಟ ಬರೆಯುತ್ತದೆ. ಉತಾರದಿಂದ ಪುಟ ಬರೆಯುವ ಈ ಉಲ್ಟಾ ಕೆಲಸದ ಕಿಣ್ವವನ್ನು ಬೇರೆ ವೈರಸ್‌ಗಳಲ್ಲಿ 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಕಂಡುಹಿಡಿದರು. 1975ರಲ್ಲಿ ನೊಬೆಲ್ ಬಂತು. ಆಮೇಲೆ ಆ ಪುಟವನ್ನು ವೈರಸ್ ನಮ್ಮ ಪುಸ್ತಕದೊಳಗೆ ಹೊಲಿದುಬಿಡುತ್ತದೆ. ಅದೂ ಜಾಸ್ತಿ ಉತಾರ ಹೊರಡುವ ಪುಟಗಳ ನಡುವೆಯೇ ಹೆಚ್ಚಾಗಿ.

ಕೋಶ ರೋಗದ ವಿರುದ್ಧ ಎಚ್ಚೆತ್ತಾಗ ಎನ್‌ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನ್ ಒಳಗೆ ಹೋಗಿ ರಕ್ಷಣೆಯ ಜೀನ್‌ಗಳ ಉತಾರ ತೆಗೆಸುತ್ತದೆ. ವೈರಸ್‌ನ ಪುಟದ ತಲೆಯಲ್ಲೂ ಅದು ಕೂರಲು ಜಾಗ ಇದೆ. ಹಾಗಾಗಿ ನಮ್ಮ ಎಚ್ಚರವೇ ಅದಕ್ಕೂ ಅನುಕೂಲ. ಮೊದಮೊದಲು ವೈರಸ್‌ನ ಉತಾರ ಪೂರ್ತಿ ಬರುವುದಿಲ್ಲ. ಬರೆಯುವವನು ನಾಲ್ಕು ಸಾಲು ಬರೆದು ಪೆನ್ನು ಕೆಳಗಿಟ್ಟ ಹಾಗೆ. ಟ್ಯಾಟ್ ಅನ್ನುವ ವೈರಸ್ ಪ್ರೋಟೀನ್ ತಯಾರಾದ ಮೇಲೆ ಅದು ಕೋಶದ್ದೇ ಸಹಾಯಕರನ್ನು ಕರೆತಂದು ಕೊನೆಯ ಸಾಲಿನವರೆಗೂ ಬರೆಸುತ್ತದೆ. ಅತ್ತ ಕೋಶದ ಸ್ವಂತ ಲೆಕ್ಕವೂ ಕೆಡುತ್ತದೆ. ಅಪಾಯದ ಗಂಟೆ ಬಾರಿಸುವ ಇಂಟರ್‌ಫೆರಾನ್ ಸಂಬಂಧದ ಜೀನ್‌ಗಳ ಉತಾರ ಏರುತ್ತದೆ. ವಿಪಿಆರ್ ಅನ್ನುವ ಇನ್ನೊಂದು ವೈರಸ್ ಪ್ರೋಟೀನ್ ಕೋಶ ಎರಡಾಗದಂತೆ ತಡೆಹಿಡಿಯುತ್ತದೆ.

‘ಅಭಿವ್ಯಕ್ತಿ’ಗಿಂತ ‘ಉತಾರ’ ಮೇಲು ಅಂತ ನನಗನ್ನಿಸಲು ಇನ್ನೊಂದು ಕಾರಣ ಇದೆ. ಸಿಡಿ4 ಅನ್ನೋದು ಆ ಟಿ ಕೋಶದ ಮೈಮೇಲಿರುವ ಪ್ರೋಟೀನ್. ಅದರ ‘ಅಭಿವ್ಯಕ್ತಿ ಕಡಿಮೆಯಾಗುತ್ತದೆ’ ಅಂತ ಲೇಖನಗಳಲ್ಲಿ ಬರೆಯುತ್ತಾರೆ. ಓದಿದರೆ ಜೀನ್ ಸುಮ್ಮನಾಯಿತು ಅನ್ನಿಸುತ್ತದೆ. ಆದರೆ ನೆಫ್ ಅನ್ನುವ ವೈರಸ್ ಪ್ರೋಟೀನ್ ಮಾಡುವುದೇ ಬೇರೆ. ಅದು ಕೋಶದ ಮೈಮೇಲೆ ಆಗಲೇ ಇರುವ ಸಿಡಿ4 ಅನ್ನು ಒಳಗೆಳೆದು ನಾಶವಾಗುವಂತೆ ಮಾಡುತ್ತದೆ. ಉತಾರ ಇದ್ದರೂ ಮಾಲು ಮಾಯ. ಇವೆರಡಕ್ಕೂ ಒಂದೇ ಪದ ಹಾಕಿದರೆ ಓದುವವರಿಗೆ ಅನ್ಯಾಯ.

ಗುಳಿಗೆಯ ಮಾತೂ ಹಗುರಾಯಿತು. ಈಗ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಹೆಚ್ಚಿನವರಿಗೆ ಕೊಡುವ ಗುಳಿಗೆಯಲ್ಲಿ ಮೂರು ಔಷಧಿ ಇವೆ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಖೊಟ್ಟಿ ಉತಾರದಿಂದ ಪುಟ ಬರೆಯುವುದನ್ನು ತಡೆಯುತ್ತವೆ. ಡೊಲುಟೆಗ್ರಾವಿರ್ ಆ ಪುಟ ಹೊಲಿಯುವುದನ್ನು ತಡೆಯುತ್ತದೆ. ಆಗಲೇ ಹೊಲಿದು ಹೋದ ಪುಟವನ್ನು ಕೀಳುವ ಶಕ್ತಿ ಮೂರಕ್ಕೂ ಇಲ್ಲ. ಕೆಲವು ಕೋಶಗಳಲ್ಲಿ ಅದು ಉತಾರ ಹೊರಡದೆ ವರ್ಷಗಟ್ಟಲೆ ತೆಪ್ಪಗೆ ಇರುತ್ತದೆ. ಗುಳಿಗೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ವೈರಸ್ ರಕ್ತದಲ್ಲಿ ಮತ್ತೆ ಕಾಣುತ್ತದೆ. ಈ ಅಡಗುತಾಣಕ್ಕೆ ‘ಸುಪ್ತ ಸಂಗ್ರಹ’ ಬದಲು ‘ಹಗೇವು’ ಅಂತ ಬರೆದಿದ್ದೇನೆ. ನೆಲದೊಳಗೆ ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಎಳೆದರೆ ಮೇಲೆ ನಿಂತವನಿಗೆ ಏನೂ ಕಾಣುವುದಿಲ್ಲ. ಕಣಜ ಅಂದರೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದು ಹೊಂದಲಿಲ್ಲ.

ಆ ಹೆಣ್ಣುಮಗಳಿಗೆ ಹೊಸ ಕರಡು ಓದಿದೆ. ‘ಅಂದ್ರ ಪುಟ ಐತಿ, ಉತಾರ ಹೊಂಟ್ರೂ ಹೊಸಾ ಕೋಶದಾಗ ಹೊಲಿಲಾಕ ಗುಳಿಗಿ ಬಿಡಂಗಿಲ್ಲ. ಹೌದಲ್ರೀ?’ ಅಂತ ಆಕೆಯೇ ತಿರುಗಿ ಹೇಳಿದಳು. ನನಗೆ ಬಹಳ ಖುಷಿಯಾಯಿತು.

ನಿಮ್ಮಲ್ಲಿ ಕೇಳುವುದು ಇಷ್ಟು. ಉತಾರ ನಮಗೆ ಮರಾಠಿಯಿಂದ ಬಂದ ಪದ. ಬೆಳಗಾವಿ, ವಿಜಯಪುರದವರಿಗೆ ಹೇಳಬೇಕಾಗಿಲ್ಲ. ಮೈಸೂರು, ಮಂಗಳೂರು ಕಡೆಯವರಿಗೆ ಅರ್ಥವಾಗುತ್ತದೆಯೇ? ಅಲ್ಲಿ ಪಹಣಿ ಅನ್ನುತ್ತಾರೆ, ಆದರೆ ಪಹಣಿಯಲ್ಲಿ ‘ತೆಗೆದು ಬರೆದದ್ದು’ ಅನ್ನುವ ಭಾವ ನನಗೆ ಸಿಗುತ್ತಿಲ್ಲ. ಇನ್ನೊಂದು, ಮರಾಠಿಯಲ್ಲಿ ಉತಾರಾ ಅಂದರೆ ವಿಷ ಇಳಿಸುವ ಮದ್ದು ಅಂತಲೂ ಇದೆ. ಗಡಿ ಭಾಗದ ಊರುಗಳಲ್ಲಿ ‘ವೈರಸ್‌ನ ಉತಾರ’ ಅಂದರೆ ವೈರಸ್‌ಗೆ ಮದ್ದು ಅಂತ ಯಾರಾದರೂ ತಿಳಿದುಕೊಂಡಾರೆಯೇ? ಬೆಳಗಾವಿ, ನಿಪ್ಪಾಣಿ ಕಡೆಯವರು ದಯವಿಟ್ಟು ಮನೆಯಲ್ಲಿ ಹಿರಿಯರನ್ನು ಕೇಳಿ ತಿಳಿಸಿ.