ಮಗ ಕುಡಿತ ಬಿಟ್ಟು 11 ತಿಂಗಳಾಯ್ತು. ಜಾತ್ರೆಗೆ ಬರುವ ನೆಂಟರಿಗೆ ಹೇಳಲಾ, ಬೇಡ್ವಾ? ಅನುಭವ ಇದ್ದವರು ತಿಳಿಸಿ

ವಿನೋಬನಗರದ ಅಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 32. ಹೋದ ಯುಗಾದಿ ಕರಿ ದಿನ ಕುಡಿದಿದ್ದೇ ಕೊನೆ. ಆಸ್ಪತ್ರೆ, ಮಾತ್ರೆ, ಕೌನ್ಸೆಲಿಂಗ್ ಎಲ್ಲ ಆಯ್ತು. ಈಗ ಎಪಿಎಂಸಿಯ ಒಂದು ಮಂಡಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುತ್ತಾನೆ. ದಸರೆಯಲ್ಲಿ ಬನ್ನಿ ಕೊಡೋಕೆ ಕೈ ಚಾಚಿದಾಗ ನೋಡಿದೆ, ಎಲೆ ಅಲುಗಾಡಲಿಲ್ಲ. ಆರು ವರ್ಷ ಆಗಿತ್ತು ಆ ಕೈ ನಡುಗದೆ ಇದ್ದಿದ್ದು ನೋಡಿ.

ಈಗ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ನೆಂಟರೆಲ್ಲ ನಮ್ಮ ಮನೆಯಲ್ಲೇ ಸೇರ್ತಾರೆ. ಬಾಡೂಟ ಅಂದ ಮೇಲೆ ನಮ್ಮ ಅಣ್ಣಂದಿರು ಬಾಟಲಿ ತರದೆ ಇರೋರಲ್ಲ. ಮಗ ಬಿಟ್ಟರೆ ಅಮ್ಮನಿಗೆ ಉಡಿ ತುಂಬ್ತೀನಿ ಅಂತ ಹರಕೆ ಹೊತ್ತಿದ್ದೆ. ಉಡಿ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಅವನು ಬೀದಿಯಲ್ಲಿ ಬಿದ್ದಿದ್ದನ್ನು ನೋಡಿದವರೇ ಅವರೆಲ್ಲ. ಈಗ ಎದ್ದು ನಿಂತಿದ್ದನ್ನೂ ಎದೆ ತಟ್ಟಿ ಹೇಳಬೇಕು ಅಂತ ನನಗೆ ಆಸೆ. ಅವನು ಮಾತ್ರ "ಸುಮ್ನಿರಮ್ಮ, ಏನೂ ಹೇಳ್ಬೇಡ" ಅಂತಾನೆ. ಏನು ಮಾಡಲಿ?

ಹೊಳಲ್ಕೆರೆ ಕಡೆಯ ತಂದೆ

ಅಮ್ಮಾ, 11 ತಿಂಗಳಿಗೇ ಸಂಭ್ರಮ ಬೇಡ. ನಮ್ಮ ಕಥೆ ಕೇಳಿ. ಮೊದಲು ಒಂದು ಪ್ರೈವೇಟ್ ಸೆಂಟರ್. ಹೆಸರು ಹೇಳಲ್ಲ. ತಿಂಗಳಿಗೆ 18,000ದಂತೆ ಮೂರು ತಿಂಗಳು, 54,000. ಮನೆಗೇ ಬಂದು ಹುಡುಗನನ್ನು ಹಿಡ್ಕೊಂಡು ಹೋದ ಗಾಡಿಗೆ 8,500. ವಾಪಸ್ ಕೊಡ್ತೀವಿ ಅಂದ ಅಡ್ವಾನ್ಸ್ 10,000, ಇವತ್ತಿಗೂ ಬಂದಿಲ್ಲ. ಬಟ್ಟೆ ಒಗೆಯೋಕೆ ತಿಂಗಳಿಗೆ 1,200, ಅದೊಂದು 3,600. ಅಲ್ಲಿಗೆ 76,100. ದಿನಸಿ ಲೆಕ್ಕದ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದ್ದೇನೆ. 28 ದಿನ ಮುಖ ತೋರಿಸಲಿಲ್ಲ. ಆಮೇಲೆ ನೋಡಿದರೆ ಕಾಲಿನ ಹರಡಿನ ಸುತ್ತ ಸರಪಳಿ ಉಜ್ಜಿದ ಕಪ್ಪು ಗುರುತು. ಮನೆಗೆ ಬಂದ ಒಂಬತ್ತನೇ ದಿನ ಮತ್ತೆ ಕುಡಿದ.

ಆಮೇಲಿನ ತಪ್ಪು ನನ್ನದು. ಸಿಟ್ಟಿಗೆ ರೂಮಿಗೆ ಹಾಕಿ ಬೀಗ ಜಡಿದೆ. ದಿನಾ ಜಾಸ್ತಿ ಕುಡಿಯೋರು ಒಮ್ಮೆಲೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಅಂತ ಗೊತ್ತಿರಲಿಲ್ಲ. ಮಾರನೇ ದಿನ ಫಿಟ್ಸ್. ಮೂರನೇ ರಾತ್ರಿ ರಗ್ಗಿನ ಮೇಲಿಂದ ಇಲ್ಲದ ಇರುವೆ ಹೆಕ್ಕೋಕೆ ಶುರು ಮಾಡಿದ. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ನನ್ನ ಅಂಗೈಗೆ ಹಾಕ್ತಿದ್ದ. "ಮುಚ್ಕೊಳಪ್ಪಾ, ಹೋಗಿಬಿಡ್ತಾವೆ" ಅಂದ. ನಾನು ಮುಷ್ಟಿ ಮುಚ್ಕೊಂಡು ಕೂತಿದ್ದೆ.

ಅಲ್ಲಿಂದ ಜಿಲ್ಲಾಸ್ಪತ್ರೆ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್. 22 ದಿನ. ಲಾಡ್ಜಿಗೆ ದಿನಕ್ಕೆ 700ರಂತೆ 15,400. ಆಸ್ಪತ್ರೆ ಬಿಲ್ಲಿಗಿಂತ ಲಾಡ್ಜ್ ಬಾಡಿಗೆಯೇ ಜಾಸ್ತಿ ಆಯ್ತು. ಈಗ ಮೂರು ವರ್ಷ ಎರಡು ತಿಂಗಳು. ಆದ್ರೂ ರಾತ್ರಿ ಅವನು ಬಂದಾಗ ಬಾಗಿಲು ತೆಗೆಯೋನು ನಾನೇ. ಚಿಲಕ ತೆಗೆಯೋ ನೆಪದಲ್ಲಿ ಮೂಗು ಮುಂದೆ ಮಾಡ್ತೇನೆ. ಅವನಿಗೂ ಗೊತ್ತು. ಒಂದು ಕ್ಷಣ ನಿಂತು "ಹಾ" ಅಂತ ಉಸಿರು ಬಿಟ್ಟೇ ಒಳಗೆ ಹೋಗ್ತಾನೆ.

ಜಗಳೂರು, ಹೆಮ್ಮೆಯ ಅಪ್ಪ

ಲಕ್ಷಗಟ್ಟಲೆ ಸುರಿದವರನ್ನು ಕಂಡರೆ ಪಾಪ ಅನ್ಸುತ್ತೆ. ನಮ್ಮ ಹುಡುಗ ಬಿಟ್ಟಿದ್ದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ. ಎಂಟು ದಿನ ಅಷ್ಟೆ. ಬೆಳಿಗ್ಗೆ ಯೋಗ, ಭಜನೆ, ಡಾಕ್ಟರ್ ಬಂದು ನೋಡ್ತಾರೆ. ನಮ್ಮನ್ನೂ ಕರೆಸಿ ಎದುರಿಗೆ ಕೂರಿಸಿದ ದಿನ ಅಪ್ಪ ಮಗ ಇಬ್ಬರೂ ಅತ್ತೆವು. ಆಮೇಲೆ ನವಜೀವನ ಸಮಿತಿ ಸಭೆಗೆ ಬಿಡದೆ ಹೋಗ್ತಾನೆ. ಐದು ವರ್ಷ ಆಯ್ತು.

ಹೇಳ್ಕೊಳ್ಳೋಕೆ ನಾಚಿಕೆ ಯಾಕೆ ಅಕ್ಕಾ? ನಾನು ಬಸ್ ಸ್ಟ್ಯಾಂಡ್ ಹತ್ರ ಫ್ಲೆಕ್ಸ್ ಹಾಕಿಸಿದೆ. ಎಂಟಡಿ ಅಗಲ, ಆರಡಿ ಎತ್ತರ, ಅಡಿಗೆ 20ರಂತೆ 960 ರೂಪಾಯಿ. "ಮದ್ಯ ಗೆದ್ದ ನಮ್ಮ ವೀರ" ಅಂತ, ಕೆಳಗೆ ಮನೆಯವರೆಲ್ಲರ ಫೋಟೋ. ಊರೆಲ್ಲ ನೋಡ್ತು. ಮಗ ಮಾತ್ರ ಹದಿನೈದು ದಿನ ಬಸ್ ಸ್ಟ್ಯಾಂಡ್ ಕಡೆ ಬರಲಿಲ್ಲ. ಮೊದಲಿಂದಲೂ ಸ್ವಲ್ಪ ನಾಚಿಕೆ ಸ್ವಭಾವ.

ಹೊಳಲ್ಕೆರೆ ಕಡೆಯ ತಂದೆ

ಪಾಪ ಅನ್ನಿಸಿಕೊಳ್ಳೋಕೆ ನಾನು ಇದನ್ನು ಬರೆದಿಲ್ಲ ಯಜಮಾನ್ರೇ. ಫಿಟ್ಸ್ ಬಂದವನನ್ನು ಭಜನೆಗೆ ಕೂರಿಸೋಕಾಗುತ್ತಾ?

ಜಗಳೂರು, ಹೆಮ್ಮೆಯ ಅಪ್ಪ

ಡಾಕ್ಟರ್ ಬರ್ತಾರೆ ಅಂತ ಬರೆದಿದ್ದೀನಲ್ಲ, ಪೂರ್ತಿ ಓದಿ. ಬೀಗ ಹಾಕಿದ್ದು ನಾನಾ ನೀವಾ?

ಕೆಟಿಜೆ ನಗರದ ತಾಯಿ

ನನ್ನದು ಬೇರೆಯೇ ಕಥೆ. ಗಂಡಸರು ಗಾಡಿ ಮಾಡಿಸಿ, ಸೆಂಟರ್ ಹುಡುಕಿ ಎಲ್ಲ ಮಾಡ್ತಾರೆ. ಒಂಟಿ ಹೆಂಗಸು ನಾನೇನು ಮಾಡಲಿ? "ಕುಡಿಯೋರಿಗೆ ತಿಳಿಯದಂತೆ ಕೊಡಿ" ಅನ್ನೋ ಪುಡಿ ಮೂರು ಸಲ ತರಿಸಿದೆ. ಒಂದು ಡಬ್ಬಿ 4,500. ಮೂರಕ್ಕೆ 13,500. ಸೊಸೈಟಿ ಸಾಲದ ದುಡ್ಡು ಅದು. ತಿಂದು ಇನ್ನೂ ಗುಂಡಗಾದ, ಅಷ್ಟೇ. ಆಮೇಲೆ ಯಾರೋ ಡೈಸಲ್ಫಿರಾಮ್ ಮಾತ್ರೆ ಹೇಳಿದರು, ಅದನ್ನು ತಗೊಂಡೋರು ಕುಡಿದರೆ ಮೈಗೆ ಆಗಿ ಬರಲ್ಲ. ಪುಡಿ ಮಾಡಿ ಸಾರಿಗೆ ಹಾಕ್ತಿದ್ದೆ. ಅವನ ತಟ್ಟೆಗೆ ಮಾತ್ರ. ಹತ್ತನೇ ದಿನ ಗೆಳೆಯನ ಗೃಹಪ್ರವೇಶದಲ್ಲಿ ಕುಡಿದ. ಮುಖ ಕೆಂಡದಂಗೆ ಆಗಿ, ವಾಂತಿ ಮಾಡಿ, ಬಿಪಿ ಇಳಿದು ಬಿದ್ದ. ಎರಡು ದಿನ ಐಸಿಯು, 41,000. ಅವತ್ತಿಂದ ಮುಟ್ಟಿಲ್ಲ. ನಾಲ್ಕು ವರ್ಷ. ಬೈಯೋರು ಬೈಯಲಿ, ನನ್ನ ಮಗ ಬದುಕಿದ್ದಾನೆ.

ಹರಿಹರ, ಮೆಡಿಕಲ್ ಸ್ಟೋರ್

ಅಮ್ಮಾ, ಬದುಕಿದ್ದು ನಿಮ್ಮ ಅದೃಷ್ಟ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ತಿನ್ನುವವನಿಗೆ ಹೇಳದೆ ಆ ಮಾತ್ರೆ ಕೊಡಲೇಬಾರದು. ಕೊನೆಯ ಗುಟುಕು ಕುಡಿದು ಕಮ್ಮಿ ಅಂದ್ರೂ 12 ಗಂಟೆ ಆಗಿರಬೇಕು. ಲಿವರ್, ಹಾರ್ಟ್ ನೋಡಿ ಡಾಕ್ಟರೇ ಬರೆದುಕೊಡಬೇಕು. ಮಾತ್ರೆ ನಿಲ್ಲಿಸಿ 14 ದಿನದವರೆಗೂ ರಿಯಾಕ್ಷನ್ ಬರಬಹುದು. ಆಲ್ಕೋಹಾಲ್ ಇರೋ ಕೆಮ್ಮಿನ ಸಿರಪ್ ಕುಡಿದರೂ ಆಗಬಹುದು. ಐಸಿಯು ಡಾಕ್ಟರಿಗಾದರೂ ನಿಜ ಹೇಳಿದ್ರಾ?

ಕೆಟಿಜೆ ನಗರದ ತಾಯಿ

ಹೇಳಲಿಲ್ಲ. ನೀವೇನು ನಮ್ಮ ಮನೆಗೆ ಬಂದು ಅವನ ಹತ್ರ ಒದೆ ತಿಂದಿದ್ರಾ? ಚೀಟಿ ಇಲ್ಲದೆ ನನಗೆ ಮಾತ್ರೆ ಮಾರಿದೋನೂ ಒಬ್ಬ ಮೆಡಿಕಲ್ ಸ್ಟೋರಿನವನೇ. ಅವನಿಗೆ ಹೇಳಿ ನಿಮ್ಮ ಬುದ್ಧಿ.

ಹರಿಹರ, ಮೆಡಿಕಲ್ ಸ್ಟೋರ್

ಅದು ಅವನ ತಪ್ಪೇ. ನನ್ನ ಅಂಗಡಿಯಲ್ಲಿ ಚೀಟಿ ಇಲ್ಲದೆ ಒಂದು ಮಾತ್ರೆ ಕೊಡಲ್ಲ.

ಅಡಿಕೆ ಬೆಳೆಗಾರ, ಚನ್ನಗಿರಿ

ಚೀಟಿ ಇಲ್ಲದೆ ಕೊಡದ ಅಂಗಡಿ ಎಲ್ಲಿದೆ ಹೇಳಿ, ಬಂದು ಕೈ ಮುಗೀತೀನಿ. ಇದೆಲ್ಲ ಶುರು ಆಗಿದ್ದೇ ಸರ್ಕಾರದಿಂದ. ಸಾರಾಯಿ ಇದ್ದಾಗ ಕುಡಿಯೋನು ಊರ ಹೊರಗೆ ಹೋಗಿ ಕುಡಿದು ಬರ್ತಿದ್ದ. ಈಗ ಕಿರಾಣಿ ಅಂಗಡಿಯಲ್ಲಿ ಸೋಪಿನ ಪಕ್ಕ ಟೆಟ್ರಾ ಪ್ಯಾಕ್. ನಮ್ಮಲ್ಲಿ ಅಡಿಕೆಗೆ ರೇಟು ಬಂದ ವರ್ಷ ಹುಡುಗರು ಬೈಕು ತಗೊಂಡ್ರು, ಬೈಕಿನ ಹಿಂದೆ ಬಾಟಲಿ ಬಂತು.

ನಿವೃತ್ತ ಮೇಷ್ಟ್ರು, ಚಳ್ಳಕೆರೆ

ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ. ಅದಕ್ಕಿಂತ ಮುಂಚೆ ನಮ್ಮ ಶಾಲೆ ಹಿಂದೆಯೇ ಸಾರಾಯಿ ಪ್ಯಾಕೆಟ್ ಕವರ್ ಗುಡ್ಡೆ ಬಿದ್ದಿರ್ತಿತ್ತು. ಊರ ಹೊರಗೆ ಕುಡೀತಿದ್ರು ಅನ್ನೋದು ಸುಳ್ಳು. ನನ್ನ ತಮ್ಮನೇ ಅದರಲ್ಲಿ ಹೋದ. ಅವನ ಮಗ ಬಿಟ್ಟಿದ್ದು ಜೋಳಿಗೆಗೆ. ಇಳಕಲ್ಲಿನ ಮಹಾಂತ ಸ್ವಾಮೀಜಿ ಊರೂರು ತಿರುಗಿ "ದುಶ್ಚಟ ಭಿಕ್ಷೆ ಹಾಕಿ" ಅಂತ ಜೋಳಿಗೆ ಹಿಡೀತಿದ್ದರು. ಅವರ ಜನ್ಮದಿನ ಆಗಸ್ಟ್ 1ನ್ನೇ ವ್ಯಸನಮುಕ್ತ ದಿನ ಅಂತ ಆಚರಿಸೋದು. ನಮ್ಮ ಹುಡುಗ ಜೇಬಿನಲ್ಲಿದ್ದ ಕ್ವಾರ್ಟರನ್ನೇ ಜೋಳಿಗೆಗೆ ಹಾಕಿ ಬಂದ. ಮಾತ್ರೆ ಇಲ್ಲ, ಸೆಂಟರ್ ಇಲ್ಲ. ಮನಸ್ಸು ಬೇಕು ಅಷ್ಟೆ.

ಹೊಳಲ್ಕೆರೆಯವರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರಪಳಿ ಹಾಕೋದು ಅಪರಾಧ. ಕುಡಿತದ ಕಾಯಿಲೆಯೂ ಆ ಕಾಯ್ದೆಯಲ್ಲಿ ಬರುತ್ತೆ. ಮಾನಸಿಕ ಕಾಯಿಲೆಗೂ ಬೇರೆ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತಲೂ ಅದರಲ್ಲಿದೆ. ದೂರು ಯಾಕೆ ಕೊಡಲಿಲ್ಲ?

ಹೊಳಲ್ಕೆರೆ ಕಡೆಯ ತಂದೆ

ಮೇಷ್ಟ್ರೇ, ವಿಮೆಗೂ ಹಾಕಿದ್ದೆ. "ಕುಡಿತದಿಂದ ಬಂದಿದ್ದಕ್ಕೆ ಕವರ್ ಇಲ್ಲ" ಅಂತ ಎರಡು ಸಾಲಿನ ಪತ್ರ ಬಂತು. ಜೆರಾಕ್ಸ್, ಅಫಿಡವಿಟ್, ಓಡಾಟ ಸೇರಿ 2,340 ಹೋಯ್ತು. ದೂರು ಕೊಟ್ಟರೆ ಮಗನ ಹೆಸರು ಪೇಪರಿಗೆ ಬರುತ್ತೆ ಅಂದಳು ನಮ್ಮವಳು. ಮನಸ್ಸು ಬೇಕು ಅಷ್ಟೆ ಅಂದ್ರಲ್ಲ, ಆ ಮಾತು ಕೇಳಿದರೆ ಮೈ ಉರಿಯುತ್ತೆ. ನನ್ನ ಮಗನಿಗೆ ಮನಸ್ಸಿರಲಿಲ್ವಾ? ಎಂಟು ಸಲ ಬಿಟ್ಟಿದ್ದ.

ನಿವೃತ್ತ ಮೇಷ್ಟ್ರು, ಚಳ್ಳಕೆರೆ

ಎಂಟು ಸಲ ಬಿಟ್ಟ ಅಂದ್ರೆ ಏಳು ಸಲ ಬಿಟ್ಟಿಲ್ಲ ಅಂತ ಲೆಕ್ಕ.

ಬಿಟ್ಟವನು, ಚಿತ್ರದುರ್ಗ

ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ಇಲ್ಲಿ ಬರೆದವರೆಲ್ಲ ಅಪ್ಪ ಅಮ್ಮಂದಿರು. ನಾನು ಕುಡೀತಿದ್ದವನು. ಆರು ವರ್ಷ ಆಯ್ತು ಬಿಟ್ಟು. ಮೇಷ್ಟ್ರೇ, ನನ್ನದು ಹನ್ನೊಂದನೇ ಸಲ. ಮೊದಲ ಹತ್ತನ್ನೂ ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ನಮ್ಮಪ್ಪನಿಗೆ ನನ್ನ ಮೇಲೆ ತುಂಬಾ ಹೆಮ್ಮೆ. ನಾಯಕನಹಟ್ಟಿ ಜಾತ್ರೆಯಲ್ಲಿ ಸಿಕ್ಕವರಿಗೆಲ್ಲ "ಇವನೇ ನೋಡ್ರಿ, ಬಿಟ್ಟುಬಿಟ್ಟ" ಅಂತ ಬೆನ್ನು ತಟ್ಟಿ ತೋರಿಸಿದರು. ಅವತ್ತಿಂದ ಯಾವ ಮದುವೆಗೆ ಹೋದರೂ ನನ್ನ ಲೋಟದ ಮೇಲೆ ನಾಲ್ಕು ಜನರ ಕಣ್ಣು. ಹೋದ ವರ್ಷ ಒಂದು ರಿಸೆಪ್ಷನ್ನಲ್ಲಿ ಸ್ಪ್ರೈಟ್ ಕುಡಿದು ಲೋಟ ಇಟ್ಟು ಕೈ ತೊಳೆಯೋಕೆ ಹೋದೆ. ತಿರುಗಿ ನೋಡಿದರೆ ನಮ್ಮ ಸೋದರಮಾವ ಆ ಲೋಟ ಎತ್ತಿ ಮೂಸ್ತಿದ್ದರು. ನನ್ನ ಕಂಡು "ನೊಣ ಬಿದ್ದಿತ್ತು ಕಣೋ" ಅಂದರು. ಅವತ್ತು ರಾತ್ರಿ ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಕುಡಿಯಲಿಲ್ಲ. ಆದ್ರೆ ಎಷ್ಟು ಹತ್ರ ಹೋಗಿದ್ದೆ ಅಂತ ನನಗೊಬ್ಬನಿಗೇ ಗೊತ್ತು.

ನಾನು ಹೋಗೋದು ಎ.ಎ. ಮೀಟಿಂಗಿಗೆ, ಅಂದ್ರೆ ಕುಡಿತ ಬಿಡೋರೇ ಸೇರೋ ಆಲ್ಕೊಹಾಲಿಕ್ಸ್ ಅನಾನಿಮಸ್. ಫೀಸಿಲ್ಲ. ಅಲ್ಲಿ ಹೇಳಿದ್ದು ಹೊರಗೆ ಹೋಗಲ್ಲ. ಇವತ್ತೊಂದು ದಿನ ಕುಡಿಯಲ್ಲ ಅಂತ ಮಾತ್ರ ಅಂದ್ಕೋತೀವಿ. ವಿನೋಬನಗರದ ಅಮ್ಮ, ಅವನು ಹೇಳ್ಬೇಡ ಅಂದಿದ್ದು ನಾಚಿಕೆಗಲ್ಲ. ಜಗಳೂರಿನ ಅಣ್ಣ ಸಿಟ್ಟಾಗಬಾರದು, ನಿಮ್ಮ ಮಗ ಹದಿನೈದು ದಿನ ಬಸ್ ಸ್ಟ್ಯಾಂಡಿಗೆ ಯಾಕೆ ಬರಲಿಲ್ಲ ಅಂತ ಒಂದು ಸಲ ಕೇಳಿ ನೋಡಿ.

ಜಗಳೂರು, ಹೆಮ್ಮೆಯ ಅಪ್ಪ

ನನ್ನ ಮಗನ ವಿಷಯ ನನಗೆ ಬಿಡಪ್ಪ. ನಿಮ್ಮಪ್ಪ ಬೆನ್ನು ತಟ್ಟಿದ್ದೂ ತಪ್ಪಾ? ಕುಡಿದಾಗ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೈ ಮುಗಿದು ಬಿಡಿಸ್ಕೊಂಡು ಬರೋಕೆ ಅಪ್ಪ ಬೇಕು, ಬಿಟ್ಟಾಗ ನಾಲ್ಕು ಜನಕ್ಕೆ ಹೇಳ್ಬಾರದಾ?

ಕೆಟಿಜೆ ನಗರದ ತಾಯಿ

ಇದು ಸರಿಯಾದ ಮಾತು. ಅವಮಾನಕ್ಕೆಲ್ಲ ನಾವು, ಮರ್ಯಾದೆ ಬಂದಾಗ ಅವರೊಬ್ಬರದೇ. ನನ್ನ ಮಗ ಎಲ್ಲರ ಮುಂದೆ "ನಾನಾಗೇ ಬಿಟ್ಟೆ" ಅಂತಾನೆ. ಸಾರಿನ ವಿಷಯ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಹರಿಹರ, ಮೆಡಿಕಲ್ ಸ್ಟೋರ್

ಇನ್ನೂ ಹೇಳಿಲ್ವಾ?

ಕೆಟಿಜೆ ನಗರದ ತಾಯಿ

ನೀವು ಸುಮ್ನಿರಿ.

ವಿನೋಬನಗರದ ಅಮ್ಮ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ನಾನು ಕೇಳಿದ್ದು ಒಂದು, ಇಲ್ಲಿ ನಡೆದಿದ್ದು ಇನ್ನೊಂದು. ಮಗನಿಗೇ ಫೋನ್ ಕೊಟ್ಟು ಓದಿಸಿದೆ. ತನಗೆ ಹೇಳದೆ ಬರೆದಿದ್ದಕ್ಕೆ ಮೊದಲು ಮುಖ ಊದಿಸ್ಕೊಂಡ. ಇರುವೆ ಕಥೆ ಬಂದಾಗ ಫೋನ್ ಕೆಳಗಿಟ್ಟು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿಗೆ ಬಂದು ಉಳಿದಿದ್ದು ಓದಿದ. ಫ್ಲೆಕ್ಸ್ ಹತ್ರ ಬಿದ್ದು ಬಿದ್ದು ನಕ್ಕ.

ಉಡಿ ಸಾಮಾನಿನ ಬುಟ್ಟಿ ತಾನೇ ಹೊತ್ತು ತರ್ತಾನಂತೆ. ಯಾರಾದರೂ ಕೇಳಿದರೆ ಅಂದೆ. "ಹರಕೆ ಇತ್ತು ಅನ್ನು. ಮಿಕ್ಕಿದ್ದು ಹೇಳಬೇಕು ಅನ್ನಿಸಿದರೆ ನಾನು ಹೇಳ್ತೀನಿ" ಅಂದ. ಬಾಟಲಿ ಮನೆ ಹೊಸ್ತಿಲು ದಾಟಬಾರದು ಅಂತ ನಮ್ಮ ಅಣ್ಣನಿಗೆ ನಾನೇ ಫೋನ್ ಮಾಡಿ ಹೇಳಿದೆ. ಅಣ್ಣ ಸಿಟ್ಟಾಗಿದ್ದಾನೆ. ಜಾತ್ರೆಗೇ ಬರಲ್ಲ ಅಂತಿದ್ದಾನೆ. ಬರದಿದ್ದರೆ ಎರಡು ಕೆಜಿ ಮಟನ್ ಉಳೀತು.

ಜಗಳೂರು, ಹೆಮ್ಮೆಯ ಅಪ್ಪ

ನಗಲಿ ಬಿಡಿ ಅಕ್ಕಾ. ಮನಸ್ಸು ಬದಲಾದರೆ ಹೇಳಿ, ಫ್ಲೆಕ್ಸ್ ಹುಡುಗ ನಮ್ಮ ಪೈಕಿಯೋನೇ. ಅಡಿಗೆ 18ಕ್ಕೆ ಮಾಡಿಸ್ಕೊಡ್ತೀನಿ.