ಮೇಲ್ಸೇತುವೆಯಿಂದ ವಾಹನಗಳ ಬೆಳಕಿನ ಗೆರೆ ಹಿಡಿಯೋದು ಹೇಗೆ?

ಪ್ರಶ್ನೆ: ರಾತ್ರಿ ನಗರದ ಮೇಲ್ಸೇತುವೆಯಿಂದ ಫೋಟೊ ತೆಗೆದರೆ ಬೀದಿದೀಪಗಳು ಬೆಳ್ಳಗೆ ಹರಡಿಕೊಳ್ಳುತ್ತವೆ, ಆಕಾಶ ಬರೀ ಕಪ್ಪು. ಟ್ರೈಪಾಡ್ ಇದೆ. ಸೆಟ್ಟಿಂಗ್ ಏನಿಡಲಿ?

ಉತ್ತರ 1: ಮೊದಲು ಹೊತ್ತು ಬದಲಿಸಿ. ಸೂರ್ಯ ಮುಳುಗಿ 20–30 ನಿಮಿಷಕ್ಕೆ ಆಕಾಶದಲ್ಲಿ ಇನ್ನೂ ನೀಲಿ ಇರುತ್ತೆ, ದೀಪಗಳೂ ಹೊತ್ತಿರುತ್ತವೆ. ಎರಡೂ ಸರಿದೂಗೋದು ಆಗಲೇ. ಮ್ಯಾನುಯಲ್ ಮೋಡ್, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100, ಎಫ್/8 (ಲೆನ್ಸ್ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), ಶಟರ್ ತೆರೆದಿರೋ ಹೊತ್ತು 10 ಸೆಕೆಂಡ್‌ನಿಂದ ಶುರುಮಾಡಿ. ಗೆರೆ ತುಂಡಾದರೆ 20 ಸೆಕೆಂಡ್‌ಗೆ ಏರಿಸಿ ಎಫ್/11 ಮಾಡಿ, ಒಟ್ಟು ಬೆಳಕು ಅಷ್ಟೇ ಉಳಿಯುತ್ತೆ. ರಾ (ಸೆನ್ಸರ್ ಹಿಡಿದ ಹಸಿ ಮಾಹಿತಿಯ) ಫೈಲ್‌ನಲ್ಲೇ ತೆಗೆಯಿರಿ.

ಉತ್ತರ 2: ಸೇತುವೆ ಅಂದಿರಲ್ಲ, ದೊಡ್ಡ ತೊಂದರೆ ಅದೇ. ಲಾರಿ ಹೋದಾಗೆಲ್ಲ ಅದು ನಡುಗುತ್ತೆ, ಎಷ್ಟು ಗಟ್ಟಿ ಟ್ರೈಪಾಡ್ ಇದ್ದರೂ ಚಿತ್ರ ಅಲುಗುತ್ತೆ. ಎರಡು ಕಂಬಗಳ ನಡುವೆ ಬೇಡ, ಕಂಬದ ನೇರಕ್ಕೇ ನಿಲ್ಲಿ. ಟ್ರೈಪಾಡಿನ ನಡುಗೋಲು ಎತ್ತಬೇಡಿ. ಕ್ಯಾಮೆರಾ ಪಟ್ಟಿ ಗಾಳಿಗೆ ಹೊಯ್ದಾಡದಂತೆ ಬಿಚ್ಚಿಡಿ. ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸೋ ಸೌಲಭ್ಯ) ಆಫ್, 2 ಸೆಕೆಂಡ್ ಟೈಮರ್ ಆನ್.

ಉತ್ತರ 3: ಲೆನ್ಸ್ ಮುಂದೆ ಯುವಿ ಫಿಲ್ಟರ್ (ನೇರಳಾತೀತ ಕಿರಣ ತಡೆಯೋ ಗಾಜು) ಇದ್ದರೆ ತೆಗೆದುಬಿಡಿ ಸರ್. ದೀಪಗಳ ಹಸಿರು ನೆರಳು ಆಕಾಶದಲ್ಲಿ ತಲೆಕೆಳಗಾಗಿ ಮೂಡೋದು ಹೆಚ್ಚಾಗಿ ಅದರಿಂದಲೇ. ಫೋಕಸ್‌ಗೆ ದೂರದ ದೀಪವೊಂದನ್ನು ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆಯಲ್ಲಿ) ಹಿಗ್ಗಿಸಿ, ಚುಕ್ಕಿ ಅತಿ ಚಿಕ್ಕದಾದಾಗ ನಿಲ್ಲಿಸಿ.