ಸೋಫಾದ ಮೇಲೊಂದು ಹೆಣ ಇತ್ತಲ್ಲ, ಅದನ್ನು ಯಾರೂ ಕೇಳಲಿಲ್ಲ

ನಮ್ಮ ‘2000 ಬ್ಯಾಚ್’ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಮಾತಾಡುವವರು ಆರೇ ಜನ. ಉಳಿದವರು ಹಬ್ಬಕ್ಕೊಂದು ದೀಪದ ಚಿತ್ರ ಹಾಕಿ ಮಾಯವಾಗುತ್ತಾರೆ. ಕಳೆದ ಶನಿವಾರ ರಾತ್ರಿ ಡಿಸೆಂಬರಿನ ರಿಯೂನಿಯನ್ ಊಟದ ಲೆಕ್ಕ ನಡೆಯುತ್ತಿತ್ತು. ನಡುವೆ ಮಂಜ ಒಂದು ಫಾರ್ವರ್ಡ್ ಎಸೆದ. ಆಮೇಲೆ ಊಟದ ಮಾತು ಯಾರಿಗೂ ನೆನಪಾಗಲಿಲ್ಲ, ಪಾಷಾನನ್ನು ಬಿಟ್ಟು.

ಗೊತ್ತಿಲ್ಲದವರಿಗೆ ಒಂದು ಮಾತು. ‘ಟ್ವಿನ್ ಪೀಕ್ಸ್’ 1990-91ರಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಬಂದ ಧಾರಾವಾಹಿ, ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಕಟ್ಟಿದ್ದು. ಲಾರಾ ಪಾಮರ್ ಎಂಬ ಹುಡುಗಿಯ ಪ್ಲಾಸ್ಟಿಕ್ ಸುತ್ತಿದ ಹೆಣ ನೀರಿನ ದಡದಲ್ಲಿ ಸಿಗುತ್ತದೆ, ಎಫ್‌ಬಿಐನ ಡೇಲ್ ಕೂಪರ್ ಬರುತ್ತಾನೆ. ಹಳೆಯ ಸರಣಿಯ ಕೊನೇ ಕಂತಿನಲ್ಲಿ ಸತ್ತ ಲಾರಾ ಕೂಪರ್‌ಗೆ, 25 ವರ್ಷದ ಮೇಲೆ ಮತ್ತೆ ಸಿಗುತ್ತೇನೆ ಎನ್ನುತ್ತಾಳೆ. 2017ರಲ್ಲಿ ನಿಜವಾಗಿಯೂ ವಾಪಸ್ ಬಂತು, ಶೋಟೈಮ್‌ನಲ್ಲಿ, 18 ಕಂತು. ಹಳೆಯದನ್ನು ನಾವು ನೋಡಿದ್ದು ಹಾಸ್ಟೆಲಿನಲ್ಲಿ, ಗಿರಿಯ ಅಣ್ಣ ಅಮೆರಿಕದಿಂದ ತಂದ ಕ್ಯಾಸೆಟ್ಟುಗಳಲ್ಲಿ. ಅಲ್ಲಿಯ ಕ್ಯಾಸೆಟ್ ನಮ್ಮ ವಿಸಿಆರ್‌ಗೆ ಒಗ್ಗುತ್ತಿರಲಿಲ್ಲ, ಬಣ್ಣವೇ ಬರುತ್ತಿರಲಿಲ್ಲ. ಆ ಕೆಂಪು ಪರದೆಯ ಕೋಣೆಯನ್ನು ಬೂದಿ ಬಣ್ಣದಲ್ಲಿ ನೋಡಿದವರು ನಾವು.

ಮುಂದೆ ಕಥೆಯೆಲ್ಲ ಬಯಲಾಗುತ್ತದೆ. ನೋಡದವರು ಇಲ್ಲೇ ನಿಲ್ಲಿಸಿ.

ಮಂಜ (9:12): *ಫಾರ್ವರ್ಡ್* ಟ್ವಿನ್ ಪೀಕ್ಸ್ ಕೊನೆಯ ರಹಸ್ಯ ಬಯಲು!! 17 ಮತ್ತು 18ನೇ ಕಂತುಗಳನ್ನು ಎರಡು ಪರದೆಯಲ್ಲಿ ಒಂದೇ ಕ್ಷಣಕ್ಕೆ ಶುರು ಮಾಡಿ. ಒಂದರ ಪ್ರಶ್ನೆಗೆ ಇನ್ನೊಂದರಲ್ಲಿ ಉತ್ತರ! ಇಡೀ ಧಾರಾವಾಹಿಯ ಮೂಲ ನಮ್ಮ ಉಪನಿಷತ್ತು!! ಹೆಮ್ಮೆ ಇದ್ದರೆ ಹತ್ತು ಜನಕ್ಕೆ ಕಳಿಸಿ 🙏🙏

ಪಾಷಾ: ಇದು ಯಾವ ಪೀಕು? ಮಂಜ, ನಿನ್ನ ದುಡ್ಡು ಇನ್ನೂ ಬಂದಿಲ್ಲ.

ಶೈಲಾ: ಎರಡು ಪರದೆ ಕಥೆ ಹಳೇದು ಕಣೋ. 2017ರ ಸೆಪ್ಟೆಂಬರ್ 3ಕ್ಕೆ ಎರಡೂ ಕಂತು ಒಂದೇ ರಾತ್ರಿ ಬಂತು. ಆ ಹೊತ್ತಿಂದಲೇ ಶುರುವಾದ ಗುಲ್ಲು. ಕೊನೆ ಯಾರಿಗೂ ಅರ್ಥವಾಗಲಿಲ್ಲ, ಅದಕ್ಕೆ ಒಂದರ ಮೇಲೊಂದು ಇಟ್ಟು ನೋಡಿದರು, ದೋಸೆ ಮೇಲೆ ದೋಸೆ ಹಾಕಿದ ಹಾಗೆ.

ನಾನು: ನಾನು ಮಾಡಿ ನೋಡಿದ್ದೇನೆ, ನಗಬೇಡಿ. ಟಿವಿಯಲ್ಲಿ 17, ಲ್ಯಾಪ್‌ಟಾಪಿನಲ್ಲಿ 18. ಒಂದು, ಎರಡು, ಮೂರು ಅಂತ ಎಣಿಸಿ ಎರಡು ಕೈಯಲ್ಲಿ ಎರಡು ಬಟನ್ ಒತ್ತಿದೆ. ಹತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ಸುತ್ತೋಕೆ ಶುರು. ನಿಲ್ಲಿಸಿ ಮತ್ತೆ ಹೊಂದಿಸಿದೆ. ಕೊನೆಗೆ ಎರಡರಲ್ಲೂ ಲಾರಾ ಕಿರುಚುತ್ತಾಳಲ್ಲ, ಅದು ಒಟ್ಟಿಗೆ ಬರುತ್ತೆ ಅಂತ ಕಾದು ಕೂತಿದ್ದೆ. 17ರ ಕಿರುಚು ಮುಗಿದು ಹಾಡು ಶುರುವಾದ ಮೇಲೆ 18ರದ್ದು ಬಂತು. ನನ್ನ ಹೆಂಡತಿ ಅಡುಗೆಮನೆಯಿಂದ ಎರಡು ಸಲ ಓಡಿ ಬಂದಳು, ಅದಷ್ಟೇ ಲಾಭ.

ಗಿರಿ: 😂😂

ಮಂಜ: ಬಫರಿಂಗ್ ತಪ್ಪಿಗೆ ಸಿದ್ಧಾಂತವನ್ನೇ ಬೈಯ್ಯಬೇಡ.

ಮಂಜ: ನೋಡ್ರೋ, ನನ್ನ ಸಂಕಟ ಸುಲಭ. ನಾನು ಕೂತದ್ದು ಕೂಪರ್‌ಗಾಗಿ. ಕಾಫಿ ಕುಡಿದು ಹೆಬ್ಬೆರಳು ಎತ್ತುತ್ತಿದ್ದನಲ್ಲ, ಆ ಮನುಷ್ಯ. ಏನು ಕೊಟ್ಟರು? ಡಗೀ ಅನ್ನುವ ಹೆಸರಲ್ಲಿ ಮೈಮರೆತ ಕೂಪರ್! ಮೂರನೇ ಕಂತಿನಿಂದ ಹದಿನೈದರವರೆಗೆ ಮಾತು ಬಾರದ ಮಗುವಿನ ಹಾಗೆ ಕಾಫಿ ಕಪ್ ತಬ್ಬಿಕೊಂಡು ನಿಲ್ಲುತ್ತಾನೆ. ಏಳನೇದರಲ್ಲಿ ಒಬ್ಬ ಬಾರಿನ ನೆಲ ಗುಡಿಸುತ್ತಾನೆ, ಸುಮ್ನೆ ಗುಡಿಸುತ್ತಾನೆ, ನಿಮಿಷಗಟ್ಟಲೆ, ನಾನು ಕೂತು ನೋಡುತ್ತೇನೆ. ಅಷ್ಟು ಕಾದವನಿಗೆ ಒಂದು ಉತ್ತರ ಕೇಳುವ ಹಕ್ಕಿಲ್ವಾ? ಒಗಟು ಕಟ್ಟಿದವನಿಗೆ ಉತ್ತರ ಗೊತ್ತಿರಬೇಕು.

ಶೈಲಾ: ಉತ್ತರ ಕೊಟ್ಟಿದ್ದಕ್ಕೇ ಅದು 1990ರಲ್ಲಿ ಸತ್ತಿದ್ದು ಮಂಜ. ಕೊಂದವರು ಯಾರು ಅಂತ ಹೇಳುವುದು ಲಿಂಚ್‌ಗೆ ಬೇಕಿರಲಿಲ್ಲ. ಚಾನೆಲ್ ಒತ್ತಾಯ ಮಾಡಿತು, ನವೆಂಬರ್‌ನಲ್ಲಿ ಹೇಳಿದರು, ಜನ ಎದ್ದು ಹೋದರು. ಮುಂದಿನ ಜೂನ್‌ಗೆ ಅಂಗಡಿ ಬಂದ್. ಬಂಗಾರದ ಮೊಟ್ಟೆ ಇಡುವುದನ್ನು ಕೊಯ್ದೆವು ಅಂತ ಲಿಂಚ್ ಆಮೇಲೆಲ್ಲ ಹೇಳಿಕೊಂಡು ತಿರುಗಿದರು.

ನಾನು: ಒಗಟಿಗೆ ಮೊದಲೇ ಉತ್ತರ ಇತ್ತು ಅಂತ ಯಾರು ಹೇಳಿದರು? ಭೂತ ಬಾಬ್‌ನನ್ನೇ ನೋಡು. ಆ ಪಾತ್ರ ಮಾಡಿದ ಫ್ರಾಂಕ್ ಸಿಲ್ವಾ ನಟನಾಗಿ ಬಂದವನಲ್ಲ, ಸೆಟ್ಟಿನ ಸಾಮಾನು ಜೋಡಿಸುವವನು. ಲಾರಾ ಕೋಣೆಯಲ್ಲಿ ಬೀರು ಸರಿಸುತ್ತಿದ್ದ. ಯಾರೋ ತಮಾಷೆಗೆ, ಒಳಗೇ ಸಿಕ್ಕಿಕೊಂಡೀಯ ಅಂದರು. ಲಿಂಚ್ ತಲೆಯಲ್ಲಿ ಏನೋ ಮಿಂಚಿತು, ಮಂಚದ ಹಿಂದೆ ಕೂರಿಸಿ ಒಂದು ಶಾಟ್ ತೆಗೆದರು. ಆಮೇಲೆ ಅಮ್ಮ ಕಿರುಚುವ ದೃಶ್ಯದಲ್ಲಿ ಕನ್ನಡಿಯಲ್ಲಿ ಅವನದೇ ಮುಖ, ತಪ್ಪಿ ಬಿದ್ದದ್ದು. ಬೇರೆಯವರಾದರೆ ಮತ್ತೆ ತೆಗೆಯುತ್ತಿದ್ದರು. ಇವರು ಇಟ್ಟುಕೊಂಡರು. ಇಡೀ ಕಥೆಯ ಭೂತ ಹುಟ್ಟಿದ್ದು ಹೀಗೆ. ಇದರಲ್ಲಿ ನೀನು ನಕ್ಷೆ ಹುಡುಕುತ್ತೀಯ.

ಗಿರಿ: ನಕ್ಷೆ ಇದೆ ಅನ್ನುವವರೂ ಇದ್ದಾರೆ. 2019ರಲ್ಲಿ ಯೂಟ್ಯೂಬಿನಲ್ಲಿ ನಾಲ್ಕೂವರೆ ಗಂಟೆಯ ವಿಡಿಯೊ ಬಂತು. ಅವನ ಪ್ರಕಾರ ಇದೆಲ್ಲ ಟಿವಿಯ ಬಗ್ಗೆ. ಬಾಬ್ ಅಂದರೆ ನಾವು ರಾತ್ರಿ ಊಟದ ಜೊತೆ ಚಪ್ಪರಿಸುವ ಹಿಂಸೆ, ಕರೆಂಟು ಅಂದರೆ ಅದು ಮನೆಗೆ ಬರುವ ದಾರಿ. ನಾನು ಪೂರ್ತಿ ನೋಡಿದೆ. ಒಪ್ಪಿದೆ. ಮಾರನೇ ದಿನ ಎಂಟನೇ ಕಂತು ಮತ್ತೆ ಹಾಕಿದೆ. ಆ ವಿಡಿಯೊ ಪೂರ್ತಿ ಮರೆತೇ ಹೋಯ್ತು.

ಮಂಜ: ಎಂಟನೇದು ಯಾವುದು, ಬಾಂಬಾ?

ಗಿರಿ: ಬಾಂಬು. 1945ರ ಜುಲೈ 16, ನ್ಯೂ ಮೆಕ್ಸಿಕೊ, ಮೊದಲ ಅಣುಬಾಂಬಿನ ಪರೀಕ್ಷೆ. ಕಪ್ಪು ಬಿಳುಪು. ಕ್ಯಾಮೆರಾ ಆ ಹೊಗೆಯೊಳಗೇ ನಿಧಾನ ನುಗ್ಗುತ್ತೆ, ಹಿಂದೆ ಪೆಂಡೆರೆಟ್ಸ್ಕಿಯ ಹಿರೋಶಿಮಾ ಸಂಗೀತ, ಪಿಟೀಲುಗಳು ಅರಚುತ್ತವೆ. ಆಮೇಲೆ ಮಸಿ ಬಳಿದ ಮುಖದವನು ಬೆಂಕಿ ಇದೆಯಾ ಅಂತ ಕೇಳಿಕೊಂಡು ಬರುತ್ತಾನೆ. ಟಿವಿಯಲ್ಲಿ ಇಂಥದ್ದನ್ನು ಬಿಟ್ಟರು ಅಂತಲೇ ನಂಬಕ್ಕಾಗಲ್ಲ. ನನಗೆ ಅದು ಬಣ್ಣವಿಲ್ಲದೆ ಬಂದಾಗ ನಮ್ಮ ಹಾಸ್ಟೆಲ್ ವಿಸಿಆರ್ ನೆನಪಾಯ್ತು, ಅದೊಂದು ಬೇರೆ ಮಾತು.

ಸೀನ (9:58): ಈಗ ಬಂದೆ. ಮಂಜನ ಫಾರ್ವರ್ಡ್ ಕೊನೇ ಸಾಲು ಪೂರ್ತಿ ಸುಳ್ಳಲ್ಲ.

ಶೈಲಾ: ಶುರುವಾಯ್ತು.

ಸೀನ: ಕೇಳು ಮೊದಲು. 14ನೇ ಕಂತಿನಲ್ಲಿ ಕೂಪರ್‌ನ ಎಫ್‌ಬಿಐ ಮೇಲಧಿಕಾರಿ ಗಾರ್ಡನ್ ಕೋಲ್‌ಗೆ ಕನಸು ಬೀಳುತ್ತೆ, ಕನಸಿನಲ್ಲಿ ನಟಿ ಮೋನಿಕಾ ಬೆಲ್ಲೂಚಿ ಹೇಳುತ್ತಾಳೆ: ಕನಸು ಕಂಡು ಆ ಕನಸಿನೊಳಗೇ ಬದುಕುವವನ ಹಾಗೆ ನಾವು, ಆದರೆ ಕನಸು ಕಾಣುತ್ತಿರುವವರು ಯಾರು? ಅದು ಲಿಂಚ್ ಸ್ವಂತ ಮಾತಲ್ಲ. 1973ರಿಂದ ಮಹರ್ಷಿ ಮಹೇಶ್ ಯೋಗಿಯ ಧ್ಯಾನ ಮಾಡುತ್ತಿದ್ದ ಮನುಷ್ಯ. ತಮ್ಮ ಸಿನಿಮಾ ತೋರಿಸುವ ಮೊದಲು ಇದೇ ಸಾಲನ್ನು ಉಪನಿಷತ್ತಿನದು ಅಂತ ಓದುತ್ತಿದ್ದರು. ಅದರ ಮೊದಲ ಭಾಗ ಜೇಡ. ಜೇಡ ಬಲೆ ನೇಯ್ದು ಅದರ ಮೇಲೆಯೇ ಓಡಾಡುವ ಹಾಗೆ.

ಸೀನ: ಬೃಹದಾರಣ್ಯಕದ ಎರಡನೇ ಅಧ್ಯಾಯದಲ್ಲಿ ಈ ಜೇಡ ಇದೆ. ಅಜಾತಶತ್ರು ರಾಜ, ಗಾರ್ಗ್ಯ ಬಾಲಾಕಿ ಅನ್ನುವ ಜಂಬದ ಪಂಡಿತ. ಇಬ್ಬರೂ ಮಲಗಿರುವ ಒಬ್ಬನ ಹತ್ತಿರ ಹೋಗುತ್ತಾರೆ. ರಾಜ ಅವನನ್ನು ದೊಡ್ಡ ದೊಡ್ಡ ಹೆಸರಿಂದ ಕರೆಯುತ್ತಾನೆ, ಏಳಲ್ಲ. ಕೈಯಿಂದ ಅಲುಗಾಡಿಸುತ್ತಾನೆ, ಏಳುತ್ತಾನೆ. ಆಗ ರಾಜನ ಪ್ರಶ್ನೆ: ಇವನು ಮಲಗಿದ್ದಾಗ ಎಲ್ಲಿದ್ದ, ಈಗ ಎಲ್ಲಿಂದ ಬಂದ?

ಸೀನ: ಈಗ ಡಗೀ ನೆನೆಸಿಕೊಳ್ಳಿ. ಎಲ್ಲರೂ ಅವನನ್ನು ಏನೇನೋ ಕರೆಯುತ್ತಾರೆ, ಏಳಲ್ಲ. 15ರಲ್ಲಿ ಟಿವಿಯ ಹಳೇ ಸಿನಿಮಾದಲ್ಲಿ ‘ಗಾರ್ಡನ್ ಕೋಲ್’ ಅನ್ನುವ ಹೆಸರು ಕೇಳಿ ಒಳಗೆ ಏನೋ ಅಲುಗುತ್ತೆ. ತೆವಳಿಕೊಂಡು ಹೋಗಿ ಫೋರ್ಕನ್ನು ಪ್ಲಗ್ ಪಾಯಿಂಟಿಗೆ ತುರುಕುತ್ತಾನೆ. ಶಾಕ್ ಹೊಡೆದ ಮೇಲೆ 16ರಲ್ಲಿ ಏಳುತ್ತಾನೆ, ಕೂಪರ್ ಆಗಿ.

ಗಿರಿ: ಲೋ ಸೀನ. ಮೈ ಜುಂ ಅಂತು.

ಮಂಜ: ನಾನು ಕಳಿಸಿದಾಗ ಎಲ್ಲ ಬೈದಿರಿ 😤

ಇಲ್ಲಿಗೆ ಮುಗಿದಿದ್ದರೆ ನಾನೂ ಗಿರಿಯ ಪಕ್ಷ. ಬಾಲಾಕಿ ಕಥೆ ನನಗೂ ಗೊತ್ತಿರಲಿಲ್ಲ. ಶೈಲಾ ಹತ್ತು ನಿಮಿಷ ಸುಮ್ಮನಿದ್ದಳು. ‘ಟೈಪಿಂಗ್’ ಅಂತ ಬರುವುದು, ಹೋಗುವುದು. ಅವಳು ಹಾಗೆ ಬರೆದು ಅಳಿಸುತ್ತಿದ್ದರೆ ಯಾರಿಗೋ ಕಾದಿದೆ ಅಂತಲೇ ಲೆಕ್ಕ.

ಶೈಲಾ (10:21): ಸೀನ, ಡಗೀ ಬಗ್ಗೆ ನೀನು ಹೇಳಿದ್ದು ಚೆನ್ನಾಗಿದೆ, ಇಟ್ಟುಕೊಳ್ಳುತ್ತೇನೆ. ಆದರೆ ಅದನ್ನು ಲಾರಾ ತನಕ ಎಳೆಯಬೇಡ. ಎಲ್ಲಾ ಕನಸು ಅಂದುಬಿಟ್ಟರೆ ಬಚಾವಾಗುವವನು ಯಾರು ಹೇಳು? ಅವಳ ಅಪ್ಪ. ಹನ್ನೆರಡನೇ ವಯಸ್ಸಿನಿಂದ ಮಗಳ ಕೋಣೆಗೆ ಬಂದವನು. ಮೊದಲು ಭೂತ ಮಾಡಿಸಿತು ಅಂದರು. ಈಗ ನೀವು ಕನಸು ಅನ್ನುತ್ತೀರಿ. ಅವನು ಮಾಡಿದ ಅಂತ ಯಾವಾಗ ಹೇಳುತ್ತೀರಿ?

ಸೀನ: ನಾನು ಹಾಗೆ ಹೇಳಲಿಲ್ಲ ಶೈಲಾ.

ಶೈಲಾ: ನೀನು ಹೇಳಲಿಲ್ಲ. ಸಿದ್ಧಾಂತ ಹೇಳುತ್ತೆ. ಕನಸು ಕೂಪರ್‌ದಾ, ಲಾರಾದಾ, ಹೋಟೆಲ್ ಮಾಲೀಕನ ಮಗಳು ಆಡ್ರಿ ಕೋಮಾದಲ್ಲಿದ್ದಾಳಾ, ಎಂಟು ವರ್ಷದಿಂದ ಇದೇ. 18ನೇದರಲ್ಲಿ ಒಂದು ದೃಶ್ಯ ನೆನಪು ಮಾಡಿಕೊಳ್ಳಿ ಎಲ್ಲರೂ. ಟೆಕ್ಸಾಸಿನ ಒಡೆಸ್ಸಾ. ಕೂಪರ್ ಹೋಗಿ ಬಾಗಿಲು ಬಡಿಯುತ್ತಾನೆ. ತೆಗೆಯುವವಳು ಲಾರಾ ಥರ ಇದ್ದಾಳೆ, ಹೆಸರು ಕ್ಯಾರಿ ಪೇಜ್. ಒಳಗೆ ಸೋಫಾದ ಮೇಲೆ ಒಬ್ಬ ಸತ್ತು ಕೂತಿದ್ದಾನೆ. ತಲೆಗೆ ಗುಂಡು. ಕೂಪರ್ ಅದನ್ನು ನೋಡುತ್ತಾನೆ, ಸರಿಯಾಗಿ ನೋಡುತ್ತಾನೆ. ಒಂದೇ ಒಂದು ಮಾತು ಕೇಳಲ್ಲ! ನಿನಗೇನಾಯ್ತು ತಾಯಿ, ಇವನ್ಯಾರು, ಹೊಡೆದನಾ, ಏನೂ ಇಲ್ಲ. ನಡಿ, ನಿನ್ನ ಅಮ್ಮನ ಮನೆಗೆ ಹೋಗೋಣ. ಕೋಟ್ ತಗೊಂಡು ಹೊರಡುತ್ತಾಳೆ.

ಮಂಜ: ಹೌದಲ್ಲ. ಅದು ನನಗೂ ಕಿರಿಕಿರಿ ಆಗಿತ್ತು.

ಶೈಲಾ: ಹಳೇ ಕೂಪರ್ ಹಾಗಿರಲಿಲ್ಲ. ಊರಿನ ಬಾತುಕೋಳಿ, ಮರ ಎಲ್ಲವನ್ನೂ ವಿಚಾರಿಸುತ್ತಿದ್ದ. ಇವನಿಗೆ ಲಾರಾಳನ್ನು ಕಾಪಾಡಬೇಕು, ಅಷ್ಟೇ, ಇವಳು ಬೇಡ. ಆಮೇಲೆ ರಾತ್ರಿಯೆಲ್ಲ ಕಾರು ಓಡಿಸಿ ಆ ಮನೆ ಮುಂದೆ ನಿಲ್ಲಿಸುತ್ತಾನೆ. ಬಾಗಿಲು ತೆರೆದವಳು ಯಾರೋ. ಪಾಮರ್ ಅನ್ನುವವರು ಗೊತ್ತೇ ಇಲ್ಲ ಅಂತಾಳೆ.

ಗಿರಿ: ಆ ಬಾಗಿಲು ತೆರೆದ ಹೆಂಗಸು ಆ ಮನೆಯ ನಿಜವಾದ ಒಡತಿ, ಗೊತ್ತಾ? ಇಲ್ಲಿ ವಾಷಿಂಗ್ಟನ್ ರಾಜ್ಯದ ಎವರೆಟ್ಟಿನಲ್ಲಿದೆ ಆ ಮನೆ. ಚಿತ್ರೀಕರಣಕ್ಕೆ ಹೋದವರು ಅವರನ್ನೇ ನಟಿಸಲು ಕೇಳಿದರಂತೆ. ಹೆಸರು ಮಾತ್ರ ಟ್ರೆಮಂಡ್ ಅಂತ ಕೊಟ್ಟರು, ಹಳೇ ಕಥೆಯ ಭೂತದ ಅಜ್ಜಿಯ ಹೆಸರು. ಅಂದರೆ ಕೂಪರ್ ನಮ್ಮ ಜಗತ್ತಿಗೆ ಬಂದು ಬಿದ್ದ, ಅಲ್ಲಿ ಅದು ಬರೀ ಯಾರದೋ ಮನೆ, ಅನ್ನುವುದೂ ಒಂದು ಸಿದ್ಧಾಂತ. ನನಗೆ ಇದೇ ಜಾಸ್ತಿ ಇಷ್ಟ.

ನಾನು: ನೀನು ಅಲ್ಲೇ ಇದ್ದೀಯಲ್ಲ, ಹೋಗಿದ್ದೀಯಾ?

ಗಿರಿ: ಆ ಮನೆಗೆ ಇಲ್ಲ, ಜನ ವಾಸ ಮಾಡುವ ಜಾಗ, ಹೋಗಿ ನಿಲ್ಲೋಕೆ ಮುಜುಗರ. ಬೆಲ್‌ವ್ಯೂನಿಂದ ನಾರ್ತ್ ಬೆಂಡ್ ಅರ್ಧ ಗಂಟೆ. ಅಪ್ಪ ಅಮ್ಮ ಬಂದಾಗ ಸ್ನೋಕ್ವಾಲ್ಮಿ ಜಲಪಾತ ತೋರಿಸಲು ಕರೆದುಕೊಂಡು ಹೋದೆ. ಶೀರ್ಷಿಕೆಯಲ್ಲಿ ಬರುತ್ತಲ್ಲ, ಅದೇ. ಅಪ್ಪ ನೋಡಿ, ಜೋಗದ ಮುಂದೆ ಇದೇನು ಬಿಡು ಅಂದರು. ಆಮೇಲೆ ಧಾರಾವಾಹಿಯಲ್ಲಿ ಬರುವ ಟ್ವೀಡ್ಸ್ ಕೆಫೆಗೆ ಹೋಗಿ ಚೆರಿ ಪೈ ತಿಂದೆವು. ಅಮ್ಮ ಒಂದು ಚಮಚ ತಿಂದು, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ ಅಂದರು.

ಸೀನ: ಅಮ್ಮಂದಿರಿಗೆ ಸಿದ್ಧಾಂತ ಬೇಡ.

ಗಿರಿ: ನನಗೆ ಅಳು ಬಂದದ್ದು ಕೊನೆಯಲ್ಲಿ ಅಲ್ಲ. ಮರದ ದಿಮ್ಮಿ ಹಿಡಿದ ಮಾರ್ಗರೆಟ್ ಪೊಲೀಸ್ ಹಾಕ್‌ಗೆ ಕೊನೇ ಸಲ ಫೋನ್ ಮಾಡುತ್ತಾಳಲ್ಲ, ನಾನು ಸಾಯುತ್ತಿದ್ದೇನೆ ಅಂತ, ಅಲ್ಲಿ. ಆ ಪಾತ್ರ ಮಾಡಿದ ಕ್ಯಾಥರಿನ್ ಕೌಲ್ಸನ್‌ಗೆ ನಿಜವಾಗಿ ಕ್ಯಾನ್ಸರ್ ಇತ್ತು. ಆ ದೃಶ್ಯ ತೆಗೆದ ಕೆಲವೇ ದಿನಕ್ಕೆ ಹೋದರು, 2015ರ ಸೆಪ್ಟೆಂಬರ್. ನಾವು ನೋಡಿದ್ದು ಎರಡು ವರ್ಷ ಆದ ಮೇಲೆ. ಅದಕ್ಕೆ ಯಾವ ವಿವರಣೆ ಬೇಕು? ಈಗ ಲಿಂಚ್ ಕೂಡ ಇಲ್ಲ, 2025ರ ಜನವರಿಯಲ್ಲಿ ಹೋದರು. ಮಂಜನ ಉತ್ತರ ಅವರ ಜೊತೆಗೇ ಹೋಯಿತು.

ಮಂಜ: ಫ್ರಾಸ್ಟ್ ಇದ್ದಾರಲ್ಲ. 2017ರಲ್ಲೇ ಪುಸ್ತಕ ಬರೆದರು.

ಶೈಲಾ: ಓದಿದ್ದೀಯಾ?

ಮಂಜ: ಇಲ್ಲ.

ಪಾಷಾ (10:50): ಸ್ವಾಮಿಗಳೇ, ನಿಮ್ಮ ಭೂತ ಹಾಳಾಗಲಿ. ರಿಯೂನಿಯನ್ ಹಳೇ ಹಾಸ್ಟೆಲಿನಲ್ಲೇ ಮಾಡೋಣ ಅಂತ ಮೊನ್ನೆ ಕುಣಿದಿರಿ. ನಾನು ಇವತ್ತು ಹೋಗಿ ನೋಡಿದೆ. ಕೆಳಗೆ ಟೈಲ್ಸ್ ಗೋಡೌನ್. ಮೇಲೆ ಕೋಚಿಂಗ್ ಹುಡುಗರು. ವಾಚ್‌ಮನ್ ಇಲ್ಲಿ ಹಾಸ್ಟೆಲ್ ಇತ್ತಾ ಅಂತ ನನ್ನನ್ನೇ ಕೇಳಿದ.

ನಾನು: 😶

ಗಿರಿ: ಪಾಷಾ, ಈ ಮಾತು ಇವತ್ತೇ ಹೇಳಬೇಕಿತ್ತಾ ಮಾರಾಯ.

ಪಾಷಾ: ಯಾಕೆ, ಏನಾಯ್ತು?

ಯಾರೂ ಉತ್ತರ ಕೊಡಲಿಲ್ಲ. ಮಂಜ ಒಂದು ಕಾಫಿ ಕಪ್ಪಿನ ಸ್ಟಿಕ್ಕರ್ ಹಾಕಿ ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ಇದು.

ಪಾಷಾ (2:41): ನಿದ್ದೆ ಬರಲಿಲ್ಲ, ಮೊದಲ ಕಂತು ನೋಡಿದೆ. ಅದೇ ಒಂದೂವರೆ ಗಂಟೆ ಇದೆ. ಅಪ್ಪ ಹೋಟೆಲಿನಲ್ಲಿ ಫೋನಿನಲ್ಲಿರುತ್ತಾನೆ, ಪೊಲೀಸ್ ಬರುವುದು ಕಾಣುತ್ತೆ, ಅವನ ಕೈಯಿಂದ ಫೋನು ಬಿಟ್ಟುಹೋಗುತ್ತೆ. ಕ್ಯಾಮೆರಾ ವೈರಿನ ಉದ್ದಕ್ಕೂ ಇಳಿಯುತ್ತೆ, ಆ ಕಡೆ ಅಮ್ಮ ಕಿರುಚುತ್ತಾನೇ ಇರುತ್ತಾಳೆ. ಅವನೇ ಮಾಡಿದ್ದು ಅಂತ ನೀವು ಮೊದಲೇ ಹೇಳಿಬಿಟ್ಟಿದ್ದಿರಿ. ಆದರೂ ಅವನು ಅತ್ತಾಗ ನಾನು ನಂಬಿದೆ ಕಣ್ರೋ.

ಪಾಷಾ (2:42): ಶೈಲಾ, ನೀನು ಹೇಳಿದ್ದು ಇದೇನಾ?

ಶೈಲಾ (6:15): ಹೂಂ.

ಪಾಷಾ (6:16): ಮಂಜ, ದುಡ್ಡು.